ತಾಡಪತ್ರಿ ಗುಡಾರದಲ್ಲಿ ಚಳಿ ತಡೆಯುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಮೊದಲು ಹುಡುಕಿ

ತೊಗರಿ ರಾಶಿಯ ಕಾಲ ಬಂತೆಂದರೆ ಕಲಬುರಗಿ, ಬೀದರ್, ವಿಜಯಪುರದ ಕಡೆ ಕಣದ ಪಕ್ಕದಲ್ಲಿ ತಾಡಪತ್ರಿ ಗುಡಾರಗಳು ಏಳುತ್ತವೆ. ಎರಡು ಕವಲುಗೋಲು, ನಡುವೆ ಒಂದು ಬಿದಿರು ಇಲ್ಲವೇ ಬಿಗಿದ ಹಗ್ಗ, ಮೇಲೆ ತಾಡಪತ್ರಿ, ಅಂಚಿಗೆ ಕಲ್ಲು. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಬೆಳಗಾವಿ, ಬಾಗಲಕೋಟೆ ಕಡೆಗೆ ಕಬ್ಬು ಕಡಿಯಲು ಬರುವ ಗ್ಯಾಂಗಿನವರು ಇಂಥದ್ದರಲ್ಲೇ ತಿಂಗಳುಗಟ್ಟಲೆ ಸಂಸಾರ ಮಾಡುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಬಯಲಿನ ರಾತ್ರಿ 10–12 ಡಿಗ್ರಿಗೆ ಇಳಿಯುವುದು ಹೊಸದಲ್ಲ. ಕೆಲವು ದಿನ ಅದಕ್ಕಿಂತ ಕೆಳಗೂ ಹೋಗುತ್ತದೆ.

ಎಲ್ಲರ ದೂರೂ ಒಂದೇ: "ಎಷ್ಟು ಹೊದ್ದರೂ ಚಳಿ." ಎಲ್ಲರೂ ಮಾಡುವ ಉಪಾಯವೂ ಒಂದೇ. ಇನ್ನೊಂದು ಹೊದಿಕೆ ತರುವುದು, ಬದಿಗಳನ್ನು ಗಟ್ಟಿಯಾಗಿ ಮುಚ್ಚುವುದು. ಇದರಿಂದ ಒಮ್ಮೊಮ್ಮೆ ಚಳಿ ಕಮ್ಮಿಯಾಗುವ ಬದಲು ಜಾಸ್ತಿಯೇ ಆಗುತ್ತದೆ. ಯಾಕೆಂದರೆ ಮೈಯ ಬಿಸಿ ಸೋರಿಹೋಗುವ ದಾರಿ ನಾಲ್ಕು: ನೆಲ, ತೇವ, ಗಾಳಿ, ಮೇಲಿನ ಆಕಾಶ. ಒಂದಕ್ಕೆ ಹಾಕುವ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ಯಾವ ದಾರಿ ಎಂದು ಗೊತ್ತಾಗುವ ತನಕ ದುಡ್ಡು ಖರ್ಚು ಮಾಡಬೇಡಿ.

ತಾಡಪತ್ರಿಯ ಮೇಲೆ ತಪ್ಪು ಹೊರಿಸುವ ಮೊದಲು

"ತಾಡಪತ್ರಿ ತೆಳು, ಅದಕ್ಕೇ ಚಳಿ. ದಪ್ಪದ್ದು ತರಬೇಕು" ಎನ್ನುವವರು ಬಹಳ. ಅಂಗಡಿಯಲ್ಲಿ ತಾಡಪತ್ರಿಯನ್ನು ಜಿಎಸ್‌ಎಂ ಲೆಕ್ಕದಲ್ಲಿ ಮಾರುತ್ತಾರೆ. ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂದು. 250 ಜಿಎಸ್‌ಎಂ ತಾಡಪತ್ರಿ ಗಟ್ಟಿ ಮಾಲು ಎಂದೇ ಲೆಕ್ಕ. ಆದರೆ ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್ ಮಾತ್ರ. 120 ಜಿಎಸ್‌ಎಂನದು ಅದರ ಅರ್ಧ. ಚಳಿ ತಡೆಯುವ ವಿಚಾರದಲ್ಲಿ ಎರಡೂ ಒಂದೇ. ದಪ್ಪ ಮಾಲು ಹೆಚ್ಚು ವರ್ಷ ಬಾಳುತ್ತದೆ, ಗಾಳಿಗೆ ಬೇಗ ಹರಿಯುವುದಿಲ್ಲ. ಅದಕ್ಕಾಗಿ ಬೇಕಾದರೆ ತನ್ನಿ.

ತಾಡಪತ್ರಿಯ ಕೆಲಸ ಗಾಳಿ ಮತ್ತು ನೀರನ್ನು ತಡೆಯುವುದು, ಅಷ್ಟೇ. ಬಿಸಿಯನ್ನು ಹಿಡಿದಿಡುವುದು ಅಲುಗಾಡದೆ ನಿಂತ ಗಾಳಿ. ಹುಲ್ಲು, ಉಣ್ಣೆ, ಹತ್ತಿ, ಥರ್ಮಾಕೋಲ್ ಎಲ್ಲವೂ ಬೆಚ್ಚಗಿರುವುದು ಒಳಗೆ ಸಣ್ಣ ಸಣ್ಣ ಜಾಗಗಳಲ್ಲಿ ಗಾಳಿಯನ್ನು ಕಟ್ಟಿ ಹಾಕುವುದರಿಂದ. ಹಾಗಾಗಿ ಗುಡಾರದಲ್ಲಿ ಎಲ್ಲೆಲ್ಲಿ ಗಾಳಿ ನಿಲ್ಲುತ್ತಿಲ್ಲ, ಎಲ್ಲೆಲ್ಲಿ ಒತ್ತಿ ಹೋಗಿದೆ, ಎಲ್ಲೆಲ್ಲಿ ಅದರ ಜಾಗಕ್ಕೆ ನೀರು ಸೇರಿದೆ ಎಂದು ನೋಡುತ್ತಾ ಹೋದರೆ ದೋಷ ಸಿಗುತ್ತದೆ.

ಮೂರು ಪ್ರಶ್ನೆ

ಚಳಿಗೆ ಎಚ್ಚರವಾದಾಗ ಎದ್ದು ಕೂರಬೇಡಿ. ಮಲಗಿದ ಹಾಗೇ ಗಮನಿಸಿ. ಮೈಯ ಯಾವ ಭಾಗ ತಣ್ಣಗಿದೆ? ಬೆನ್ನು, ಸೊಂಟ, ಚಪ್ಪೆ ಎಂದಾದರೆ ನೆಲವನ್ನು ನೋಡಿ. ಮುಖ, ಕಿವಿ, ಕಾಲ್ಬೆರಳು ಎಂದಾದರೆ ಗಾಳಿ. ಹೊದಿಕೆಯ ಮೇಲ್ಮೈ ಮುಟ್ಟಿದರೆ ತಣ್ಣಗೆ ಅಂಟಿದ ಹಾಗಿದ್ದರೆ ತೇವ.

ಎಷ್ಟು ಹೊತ್ತಿಗೆ ಎಚ್ಚರವಾಯಿತು? ಮಲಗಿದ ಒಂದೆರಡು ಗಂಟೆಯಲ್ಲೇ ಆದರೆ ಬಹುಪಾಲು ನೆಲದ್ದೇ ಕಾಟ. ಬೆಳಗಿನ ಜಾವದ ತನಕ ಚೆನ್ನಾಗಿ ನಿದ್ದೆ ಬಂದು ಆಮೇಲೆ ನಡುಕ ಶುರುವಾದರೆ ಆಕಾಶ ಇಲ್ಲವೇ ತೇವ.

ಮೋಡವಿದ್ದ ರಾತ್ರಿ ಹೇಗಿತ್ತು? ಮೋಡವಿದ್ದಾಗ ಹಾಯಾಗಿದ್ದು, ಚುಕ್ಕಿ ಹೊಳೆಯುವ ರಾತ್ರಿ ಮಾತ್ರ ತಡೆಯದಿದ್ದರೆ ಮಾಡಿನ ಕಡೆ ನೋಡಿ. ಈ ಪ್ರಶ್ನೆ ಕೇಳುವವರೇ ಕಮ್ಮಿ. ಉತ್ತರ ಮಾತ್ರ ತುಂಬ ಕೆಲಸಕ್ಕೆ ಬರುತ್ತದೆ.

ಬೆನ್ನು ತಣ್ಣಗೆ: ನೆಲದ ದೋಷ

ಹತ್ತರಲ್ಲಿ ಏಳೆಂಟು ಗುಡಾರದ ತೊಂದರೆ ಇಲ್ಲೇ ಇರುತ್ತದೆ ಎಂಬುದು ನನ್ನ ಅಂದಾಜು. ಮೇಲೆ ಎರಡು ರಗ್ಗು, ಕೆಳಗೆ ಒಂದು ಚಾಪೆ. ಇದು ಉಲ್ಟಾ ಆಗಬೇಕು. ಮೇಲಿನ ಹೊದಿಕೆ ಉಬ್ಬಿಕೊಂಡಿರುತ್ತದೆ, ಗಾಳಿ ಹಿಡಿಯುತ್ತದೆ. ಕೆಳಗಿನದು ನಮ್ಮ ಭಾರಕ್ಕೆ ಒತ್ತಿಹೋಗಿ ಗಾಳಿಯನ್ನೆಲ್ಲ ಬಿಟ್ಟುಬಿಡುತ್ತದೆ. ಹತ್ತಿಯ ಗಾದಿ ನಾಲ್ಕು ಇಂಚು ಇದ್ದರೂ ಸೊಂಟದ ಕೆಳಗೆ ಎಷ್ಟು ಉಳಿದಿದೆ ಎಂಬುದೇ ಲೆಕ್ಕ. ನೆಲವೆಂಬುದು ದೊಡ್ಡ ರಾಶಿ. ಅದನ್ನು ಮೈಬಿಸಿಯಿಂದ ಬೆಚ್ಚಗೆ ಮಾಡಿ ಮುಗಿಸಲು ಆಗುವುದಿಲ್ಲ, ರಾತ್ರಿಯಿಡೀ ಎಳೆಯುತ್ತಲೇ ಇರುತ್ತದೆ.

ಪರೀಕ್ಷೆ ಸುಲಭ. ಮಲಗಿದ ಒಂದು ಗಂಟೆಯ ಮೇಲೆ ಹಾಸಿಗೆಯ ಅಡಿಗೆ, ಸೊಂಟದ ನೇರಕ್ಕೆ ಕೈ ತೂರಿಸಿ. ನೆಲಕ್ಕೆ ತಾಗುವ ಹಾಸಿನ ತಳ ಉಗುರುಬೆಚ್ಚಗೆ ಎನಿಸಿದರೆ ನಿಮ್ಮ ಬಿಸಿ ನೆಲಕ್ಕೆ ಇಳಿಯುತ್ತಿದೆ ಎಂದೇ ಅರ್ಥ. ತಳ ತಣ್ಣಗಿದ್ದು ಮೇಲ್ಭಾಗ ಮಾತ್ರ ಬೆಚ್ಚಗಿದ್ದರೆ ಹಾಸು ತನ್ನ ಕೆಲಸ ಮಾಡುತ್ತಿದೆ, ದೋಷ ಬೇರೆ ಕಡೆ ಇದೆ.

ಮದ್ದು ಹೊಲದಲ್ಲೇ ಬಿದ್ದಿರುತ್ತದೆ. ಮೊದಲು ನೆಲಕ್ಕೆ ಒಂದು ಪ್ಲಾಸ್ಟಿಕ್ ಹಾಳೆ. ರಸಗೊಬ್ಬರದ ಖಾಲಿ ಚೀಲ ಬಿಚ್ಚಿ ಹೊಲಿದರೆ ಸಾಕು, ಆದರೆ ಚೆನ್ನಾಗಿ ತೊಳೆದು ಒಣಗಿಸಿರಬೇಕು. ಅದರ ಮೇಲೆ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಭತ್ತದ ಹುಲ್ಲು ಇಲ್ಲವೇ ಜೋಳದ ಕಣಿಕೆಯ ಎಲೆ, ಒಂದು ಅಡಿ ಎತ್ತರಕ್ಕೆ. ಮಲಗಿದರೆ ಅದು ಮೂರು ನಾಲ್ಕು ಇಂಚಿಗೆ ಇಳಿಯುತ್ತದೆ. ಅಷ್ಟು ಉಳಿದರೆ ಗೆದ್ದ ಹಾಗೆ. ಆಮೇಲೆ ಗೋಣಿಚೀಲ, ಅದರ ಮೇಲೆ ಕೌದಿ. ಕಣಿಕೆಯ ದಂಟು ಹಾಕಬೇಡಿ, ಬೆನ್ನಿಗೆ ಒತ್ತುತ್ತದೆ. ತೊಗರಿ ಹೊಟ್ಟು ಕೈಗೆ ಸಿಗುವಷ್ಟು ಇರುತ್ತದೆ ನಿಜ, ಆದರೆ ಕಡಿತ ಶುರುವಾದರೆ ಚಳಿಯೇ ವಾಸಿ ಎನಿಸುತ್ತದೆ. ಚೀಲಕ್ಕೆ ತುಂಬಿ ಬಾಯಿ ಹೊಲಿದರೆ ಮಾತ್ರ ಸರಿ.

ದಿನಾ ಬೆಳಿಗ್ಗೆ ಹುಲ್ಲನ್ನು ಕೊಡವಿ ಬಿಸಿಲಿಗೆ ಹರಡಿ. ಒತ್ತಿಹೋದ ಹುಲ್ಲು ಎರಡೇ ವಾರದಲ್ಲಿ ಚಾಪೆಯಷ್ಟು ತೆಳುವಾಗುತ್ತದೆ. "ಮೊದಲು ಬೆಚ್ಚಗಿತ್ತು, ಈಗ ಯಾಕೋ ಇಲ್ಲ" ಎನ್ನುವ ದೂರಿನ ಹಿಂದೆ ಇದೇ ಕಾರಣ ಇರುವುದುಂಟು. ಕೊಡವುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಾಳಿನ ರಾಶಿ ಇರುವಲ್ಲಿ ಇಲಿ, ಇಲಿ ಇರುವಲ್ಲಿ ಹಾವು. ಬೆಚ್ಚನೆಯ ಹುಲ್ಲು ಚೇಳಿಗೂ ಇಷ್ಟ.

ಹಾವಿನ ಭಯಕ್ಕೆ ಹೊರಸು ತಂದವರಿಗೆ ಬೇರೆ ತೊಂದರೆ. ಹೊರಸಿನ ಅಡಿಯಲ್ಲಿ ಗಾಳಿ ಓಡಾಡುತ್ತದೆ, ಹಗ್ಗದ ಸಂದಿಯಿಂದ ಬೆನ್ನಿಗೆ ಹೊಡೆಯುತ್ತದೆ. ನೆಲದ ಮೇಲೆ ಮಲಗಿದ್ದಕ್ಕಿಂತ ಜಾಸ್ತಿ ಚಳಿಯಾಗುವುದೂ ಉಂಟು. ಹುಲ್ಲು ತುಂಬಿದ ಎರಡು ಗೋಣಿಚೀಲಗಳನ್ನು ಹೊರಸಿನ ಮೇಲೆ ಅಡ್ಡ ಹಾಸಿ, ಸುತ್ತ ಒಂದು ಸೀರೆಯನ್ನು ನೆಲದ ತನಕ ಇಳಿಬಿಟ್ಟರೆ ಸರಿಹೋಗುತ್ತದೆ.

ಮಾಡಿನಿಂದ ಹನಿ: ಸೋರಿಕೆಯಾ, ಬೆವರಾ?

ಮಳೆ ಬಂದಿಲ್ಲ. ಆದರೆ ಬೆಳಗಿನ ಜಾವ ಮುಖದ ಮೇಲೆ ತಟಕ್ ಎಂದು ಹನಿ ಬೀಳುತ್ತದೆ. ಇಬ್ಬನಿ ಸೋರುತ್ತಿದೆ ಎಂದುಕೊಂಡು ಮೇಲೆ ಇನ್ನೊಂದು ಪ್ಲಾಸ್ಟಿಕ್ ಹೊದಿಸುತ್ತಾರೆ. ಮರುದಿನವೂ ಹನಿ.

ರಾತ್ರಿ ಮಲಗುವಾಗ ತಾಡಪತ್ರಿಯ ಒಳಮೈಯನ್ನು ಒಣಬಟ್ಟೆಯಿಂದ ಒರೆಸಿ. ನಸುಕಿನಲ್ಲಿ ಟಾರ್ಚ್ ಬಿಟ್ಟು ನೋಡಿ. ಹೊಲಿಗೆ, ತೂತು, ಉಂಗುರ ಇರುವ ಕಡೆ ಮಾತ್ರ ನೀರಿದ್ದರೆ ಅದು ಸೋರಿಕೆ. ಒಳಮೈ ತುಂಬ ಸಣ್ಣ ಸಣ್ಣ ಮುತ್ತಿನ ಹಾಗೆ ಕಟ್ಟಿದ್ದರೆ ಆ ನೀರು ಒಳಗಿನದೇ. ಮಲಗಿದ ಒಬ್ಬ ಮನುಷ್ಯನ ಉಸಿರು, ಮೈಯಿಂದಲೇ ಒಂದು ರಾತ್ರಿಗೆ ಕಾಲು ಲೀಟರಿನ ಆಸುಪಾಸು ನೀರು ಆವಿಯಾಗಿ ಹೊರಬರುತ್ತದೆ. ಮೂವರು ಮಲಗಿದರೆ ಲೆಕ್ಕ ಹಾಕಿ.

ಇನ್ನೊಂದು ದೊಡ್ಡ ಮೂಲ ನೆಲ. ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಮಳೆಯೇ ಇಲ್ಲದೆ ತೆನೆ ಕಟ್ಟುವುದು ಮಣ್ಣಿನಲ್ಲಿ ಉಳಿದ ಹಸಿಯ ಮೇಲೆ. ಅದೇ ಹಸಿ ಗುಡಾರದೊಳಗೂ ಮೇಲೇಳುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟ ಹಾಗೆ ಕಾಣುವ ನೆಲವನ್ನು ನಂಬಬೇಡಿ. ಎರಡು ಅಡಿ ಪ್ಲಾಸ್ಟಿಕ್ ತುಂಡನ್ನು ನೆಲದ ಮೇಲೆ ಹಾಸಿ, ಅಂಚಿಗೆ ಮಣ್ಣು ಒತ್ತಿ, ರಾತ್ರಿ ಬಿಡಿ. ಬೆಳಿಗ್ಗೆ ಅದರ ಅಡಿಯಲ್ಲಿ ನೀರು ಕಟ್ಟಿದ್ದರೆ ನೆಲವೇ ಹಸಿಯನ್ನು ಕೊಡುತ್ತಿದೆ.

ತೇವ ಯಾಕೆ ಇಷ್ಟು ಕಾಡುತ್ತದೆ? ನಿಂತ ಗಾಳಿಗಿಂತ ನೀರು ಬಿಸಿಯನ್ನು 20 ಪಟ್ಟಿಗೂ ಜಾಸ್ತಿ ಸಾಗಿಸುತ್ತದೆ. ಕೌದಿಯ ಹತ್ತಿಯಲ್ಲಿ ಗಾಳಿ ಇದ್ದ ಜಾಗಕ್ಕೆ ನೀರು ಬಂತೆಂದರೆ ಕೌದಿ ಇದ್ದೂ ಇಲ್ಲದ ಹಾಗೆ. ಉಣ್ಣೆ ಮಾತ್ರ ಸ್ವಲ್ಪ ತೇವವಾದರೂ ಕೈಬಿಡುವುದಿಲ್ಲ. ಕುರಿ ಕಾಯುವವರು ಹೆಗಲಿನ ಕಂಬಳಿಯನ್ನು ಬಿಡದೆ ಇರುವುದಕ್ಕೆ ಕಾರಣವಿದೆ. ಚಳ್ಳಕೆರೆಯ ಕಡೆಯ ಒಂದು ಒಳ್ಳೆಯ ಕಂಬಳಿ, ಬಣ್ಣಬಣ್ಣದ ಎರಡು ನೈಲಾನ್ ರಗ್ಗಿಗಿಂತ ಮೇಲು ಎಂಬ ನನ್ನ ಹಟವನ್ನು ಯಾರೂ ಇನ್ನೂ ಮುರಿದಿಲ್ಲ.

ಇದಕ್ಕೆ ಮದ್ದು ಮುಚ್ಚುವುದಲ್ಲ, ತೆರೆಯುವುದು. ಗುಡಾರದ ಎರಡೂ ತುದಿಯಲ್ಲಿ, ತೊಲೆಯ ಕೆಳಗೆ, ಒಂದು ಗೇಣು ಬಾಯಿ ಬಿಡಿ. ತೇವದ ಗಾಳಿ ಬೆಚ್ಚಗಿರುತ್ತದೆ, ಮೇಲೇರಿ ಅಲ್ಲಿಂದ ಹೊರಟುಹೋಗುತ್ತದೆ. ಬದಿಗಳ ಕೆಳಭಾಗ ಮುಚ್ಚಿದ್ದರೂ ಪರವಾಗಿಲ್ಲ. ಜನ ಮಾಡುವುದು ಇದರ ಉಲ್ಟಾ. ಮೇಲೆ ಬಿಗಿ ಮಾಡಿ ಕೆಳಗೆ ಸಡಿಲ ಬಿಡುತ್ತಾರೆ. ನೆಲಕ್ಕೆ ಪೂರ್ತಿ ಪ್ಲಾಸ್ಟಿಕ್ ಹಾಸಿ, ಬರೀ ಹಾಸಿಗೆಯ ಅಡಿಗಲ್ಲ. ಒದ್ದೆ ಬಟ್ಟೆ, ಹಸಿ ಮೇವು ಒಳಗೆ ಇಡಬೇಡಿ.

ಆದರೂ ಹನಿ ಬಿದ್ದರೆ ಹಳೆಯ ಹತ್ತಿ ಸೀರೆಯಿಂದ ಒಳಮಾಡು ಕಟ್ಟಿ. ತಾಡಪತ್ರಿಗೆ ತಾಗದ ಹಾಗೆ, ನಾಲ್ಕು ಬೆರಳು ಕೆಳಗೆ. ಹನಿಯನ್ನು ಸೀರೆ ಕುಡಿಯುತ್ತದೆ, ಹಗಲು ಒಣಗುತ್ತದೆ. ನಡುವಿನ ಗಾಳಿ ಚಳಿಯನ್ನೂ ತಡೆಯುತ್ತದೆ. ಖರ್ಚಿಲ್ಲದ ಉಪಾಯಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮಾಡಿನ ಇಳಿಜಾರನ್ನೂ ನೋಡಿ. ಚಪ್ಪಟೆ ಮಾಡಿನಲ್ಲಿ ಹನಿ ನೇರ ಕೆಳಗೆ ಬೀಳುತ್ತದೆ, ಕಡಿದಾದ ಮಾಡಿನಲ್ಲಿ ಜಾರಿ ಅಂಚಿಗೆ ಹೋಗುತ್ತದೆ. 12 ಅಡಿ ಅಗಲದ ತಾಡಪತ್ರಿಗೆ ತೊಲೆ ನಾಲ್ಕು ಅಡಿ ಎತ್ತರದಲ್ಲಿದ್ದರೆ ಕೆಳಗೆ ಒಂಬತ್ತು ಅಡಿ ಅಗಲ ಸಿಗುತ್ತದೆ. ಇಬ್ಬರಿಗೆ ಸಾಕು, ಇಳಿಜಾರೂ ಸರಿಯಾಗಿರುತ್ತದೆ. ಇದಕ್ಕಿಂತ ಎತ್ತರ ಬೇಡ. ಒಳಗೆ ನಿಲ್ಲುವಷ್ಟು ಎತ್ತರದ ಗುಡಾರವನ್ನು ಬೆಚ್ಚಗಿಡುವುದು ಕಷ್ಟ.

ಚುಕ್ಕಿ ಹೊಳೆದ ರಾತ್ರಿ ಮಾತ್ರ ಚಳಿ: ಮಾಡಿನ ದೋಷ

ಮೋಡವಿಲ್ಲದ ರಾತ್ರಿ ತಾಡಪತ್ರಿ ತನ್ನ ಬಿಸಿಯನ್ನು ಆಕಾಶಕ್ಕೆ ಸೂಸುತ್ತಲೇ ಇರುತ್ತದೆ. ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಅದರ ಮೇಲೆ ಇಬ್ಬನಿ ಕೂರುವುದೂ ಅದಕ್ಕೇ. ಮೋಡ ಇದ್ದರೆ ಅದೂ ಬಿಸಿಯನ್ನು ಕೆಳಗೆ ಸೂಸುತ್ತದೆ, ಅದರಿಂದ ನಷ್ಟ ಕಮ್ಮಿ.

ಗುಡಾರವನ್ನು ಬೇವಿನ ಮರದ ಅಡಿಗೆ ಸರಿಸಿದರೆ ಒಂದೇ ರಾತ್ರಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಬಯಲಲ್ಲೇ ಇರಬೇಕೆಂದರೆ ತಾಡಪತ್ರಿಯ ಮೇಲೆ ಅರ್ಧ ಅಡಿ ರವದಿ ಇಲ್ಲವೇ ಹುಲ್ಲು ಹೊದಿಸಿ, ಹಾರದ ಹಾಗೆ ಹಗ್ಗ ಬಿಗಿಯಿರಿ. ಕಬ್ಬಿನ ಗ್ಯಾಂಗಿನವರ ಗುಡಿಸಲಿನ ಮೇಲೆ ಕಾಣುವ ರವದಿ ಸುಮ್ನೆ ಅಲ್ಲ. ಹೊರಗೆ ಹುಲ್ಲಿದ್ದರೆ ತಾಡಪತ್ರಿ ತಣ್ಣಗಾಗುವುದು ಕಮ್ಮಿಯಾಗಿ ಒಳಗಿನ ಹನಿಯೂ ಕಮ್ಮಿಯಾಗುತ್ತದೆ. ಸೀರೆಯ ಒಳಮಾಡಿನ ಹಾಗೆ ಇಲ್ಲಿಯೂ ಒಂದೇ ಕೆಲಸದಿಂದ ಎರಡು ದೋಷ ಸರಿಹೋಗುತ್ತವೆ.

ಕಾರ್ಖಾನೆಯ ತಗಡಿನ ಮಾಡಿನ ಅಡಿಗೆ ಹಾಕುವ ಅಲ್ಯೂಮಿನಿಯಂ ಹಾಳೆಯನ್ನು ಈಗ ಕೆಲವರು ಗುಡಾರಕ್ಕೂ ತರುತ್ತಾರೆ. ಒಳ್ಳೆಯದೇ. ಆದರೆ "ಹಾಕಿದರೂ ಏನೂ ಆಗಲಿಲ್ಲ" ಎಂದರೆ ಅದು ತಾಡಪತ್ರಿಗೆ ಅಂಟಿಕೊಂಡಿದೆಯೇ ನೋಡಿ. ಹೊಳೆಯುವ ಮುಖದ ಮುಂದೆ ಒಂದಿಂಚಾದರೂ ಖಾಲಿ ಜಾಗ ಇರಬೇಕು. ತಾಗಿದರೆ ಅದು ಬರೀ ಲೋಹದ ಹಾಳೆ, ಬಿಸಿಯನ್ನು ದಾಟಿಸಿಬಿಡುತ್ತದೆ. ಬೆಳ್ಳಿಬಣ್ಣದ ತಾಡಪತ್ರಿ ಬೇರೆ, ಅಲ್ಯೂಮಿನಿಯಂ ಹಾಳೆ ಬೇರೆ. ಬಣ್ಣ ನೋಡಿ ಮೋಸಹೋಗಬೇಡಿ.

ಗಾಳಿ

ಇದು ಬೇಗ ಮುಗಿಯುವ ವಿಚಾರ. ಊದುಬತ್ತಿ ಹಚ್ಚಿ ಅಂಚಿನ ಗುಂಟ ಒಯ್ಯಿರಿ. ಹೊಗೆ ಎಲ್ಲಿ ಒಳಕ್ಕೆ ಓಡುತ್ತದೋ ಅಲ್ಲಿ ಮಣ್ಣು ಒತ್ತಿ. ಕಿಡಿ ಹುಲ್ಲಿಗೂ ತಾಡಪತ್ರಿಗೂ ತಾಗದ ಹಾಗೆ ಎಚ್ಚರ. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಗೆ ಹೆಚ್ಚಾಗಿ ಬೀಸುವುದು ಮೂಡಗಾಳಿ, ಹಾಗಾಗಿ ಬಾಗಿಲು ಪಡುವಣಕ್ಕಿರಲಿ. ಮೂಡಣ ಬದಿಗೆ ತೊಗರಿ ಕಟ್ಟಿಗೆಯ ತಡಿಕೆ ಕಟ್ಟಿದರೂ ಸಾಕು. ತಾಡಪತ್ರಿ ರಾತ್ರಿಯಿಡೀ ಪಟಪಟ ಹೊಡೆದುಕೊಳ್ಳುತ್ತಿದ್ದರೆ ಹಗ್ಗ ಬಿಗಿಯಿರಿ. ಅದು ಬಡಿದಷ್ಟು ಸಲ ಒಳಗಿನ ಬೆಚ್ಚನೆಯ ಗಾಳಿಯನ್ನು ಹೊರಗೆ ನೂಕುತ್ತದೆ. ಮಾಡಿನ ತುದಿಯ ಆ ಗೇಣಗಲದ ಬಾಯಿಯನ್ನು ಮಾತ್ರ ಮುಚ್ಚಬೇಡಿ.

ಕೆಂಡ ಒಳಗೆ ಬೇಡ

ಬುಟ್ಟಿಯಲ್ಲೋ ಬಕೆಟ್ಟಿನಲ್ಲೋ ಕೆಂಡ ತಂದು ಒಳಗಿಟ್ಟು ಮಲಗುವುದು ಇನ್ನೂ ನಿಂತಿಲ್ಲ. ಹೊಗೆ ಇಲ್ಲ, ಹಾಗಾಗಿ ಅಪಾಯವಿಲ್ಲ ಎಂಬ ನಂಬಿಕೆ. ಇದ್ದಿಲಿನ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಒಟ್ಟಿಗೆ ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಉಳಿದದ್ದು. ಬಳಿಕ ಆಸ್ಪತ್ರೆಗೂ ಹೋಗಿ. ಬಿಸಿ ಬೇಕೆಂದರೆ ಗಟ್ಟಿ ಮುಚ್ಚಳದ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಕಾಲ ಬಳಿ ಇಟ್ಟುಕೊಳ್ಳಿ.

ಹಗಲು ಒಳಗೆ ಕೂರಲಾಗದ ಸೆಕೆ

ಫೆಬ್ರವರಿ ಮುಗಿಯುವ ಹೊತ್ತಿಗೆ ದೂರು ತಿರುಗಿಬೀಳುತ್ತದೆ. ಅದೇ ಗುಡಾರ, ಮಧ್ಯಾಹ್ನ ಒಲೆ.

ಇಲ್ಲಿಯೂ ಎರಡು ದೋಷ ಬೆರೆತಿರುತ್ತವೆ. ತಾಡಪತ್ರಿಯಿಂದ ಒಂದು ಅಡಿ ಕೆಳಗೆ ಅಂಗೈ ಮೇಲೆ ಮಾಡಿ ಹಿಡಿಯಿರಿ. ಅಂಗೈ ಸುಡುತ್ತಿದ್ದು, ನಡುವೆ ಒಂದು ರಟ್ಟು ಅಡ್ಡ ಹಿಡಿದ ತಕ್ಷಣ ತಂಪೆನಿಸಿದರೆ ಅದು ಕಾದ ತಾಡಪತ್ರಿ ಸೂಸುವ ಬಿಸಿ. ರಟ್ಟು ಹಿಡಿದರೂ ಏನೂ ಬದಲಾಗದಿದ್ದರೆ ಒಳಗಿನ ಗಾಳಿಯೇ ಕಾದು ನಿಂತಿದೆ. ಗಾಳಿ ಕಾದಿದ್ದರೆ ಬದಿಗಳನ್ನು ಎತ್ತಿ ಕಟ್ಟಿ, ಎರಡೂ ತುದಿ ಪೂರ್ತಿ ತೆರೆಯಿರಿ. ರಾತ್ರಿಗೆಂದು ಕಟ್ಟಿದ ಸೀರೆಯ ಒಳಮಾಡನ್ನು ಇದ್ದಂತೆಯೇ ಬಿಡಿ, ಅದು ಆ ರಟ್ಟಿನ ಕೆಲಸ ಮಾಡುತ್ತದೆ. ಅದರ ಎರಡು ತುದಿ ಮಾತ್ರ ತೆರೆದಿರಬೇಕು. ಇಲ್ಲದಿದ್ದರೆ ಬಿಸಿಗಾಳಿ ಮೇಲೆ ಸಿಕ್ಕಿಕೊಳ್ಳುತ್ತದೆ.

ತಾಡಪತ್ರಿಯೇ ಸುಡುತ್ತಿದ್ದರೆ ಅದಕ್ಕೆ ಬಿಸಿಲು ಬೀಳದ ಹಾಗೆ ಮಾಡಬೇಕು. ಒಂದು ಅಡಿ ಮೇಲೆ ನೆರಳು ಪರದೆ ಕಟ್ಟಿ, ಇಲ್ಲವೇ ತೆಂಗಿನ ಗರಿ ಹಾಕಿ. ರವದಿ ಇದ್ದರಂತೂ ಅದೇ ಸಾಕು. ತಾಡಪತ್ರಿಗೆ ಸುಣ್ಣ ಬಳಿಯುವವರಿದ್ದಾರೆ, ಒಣಗಿದ ಮೇಲೆ ಪ್ಲಾಸ್ಟಿಕ್ಕಿನಿಂದ ಉದುರಿ ಅನ್ನದ ತಟ್ಟೆಗೆ ಬೀಳುತ್ತದೆ.

ಒದ್ದೆ ಗೋಣಿಚೀಲ ರಾಯಚೂರು, ಕಲಬುರಗಿಯ ಒಣ ಬೇಸಿಗೆಯಲ್ಲಿ ಬಲು ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆದರೆ ಅದನ್ನು ಗಾಳಿ ಬರುವ ಬದಿಗೆ ಕಟ್ಟಬೇಕು, ಎದುರು ಬದಿ ತೆರೆದಿರಬೇಕು. ಮೂರು ಕಡೆ ಮುಚ್ಚಿ ಒಳಗೆ ನೇತುಹಾಕಿದರೆ ಹಬೆಯಲ್ಲಿ ಕೂತ ಹಾಗಾಗುತ್ತದೆ. ಕುಂದಾಪುರ, ಮಂಗಳೂರಿನ ಕಡೆಯವರು ಇದನ್ನು ಮಾಡಲೇಬೇಡಿ. ಅಲ್ಲಿನ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಚೀಲ ಒಣಗುವುದೇ ಇಲ್ಲ. ಅಲ್ಲಿ ನೆರಳು ಮತ್ತು ಗಾಳಿಯಾಟ ಬಿಟ್ಟರೆ ಬೇರೆ ದಾರಿ ಕಮ್ಮಿ.

ಎಲ್ಲ ಮಾಡಿದರೂ ಸರಿಯಾಗದಿದ್ದರೆ

ಒಂದೇ ದಿನ ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ಗುಣ ಕಂಡಿತು ಎಂದು ಗೊತ್ತಾಗುವುದಿಲ್ಲ. ರಾತ್ರಿಗೊಂದು ಮಾಡಿ. ಮೊದಲು ನೆಲ, ಆಮೇಲೆ ತೇವ, ಗಾಳಿ, ಕಡೆಗೆ ಮಾಡು. ಮಲಗುವವರನ್ನೂ ನೋಡಿ. ಹಗಲಿನ ಬೆವರು ಬಟ್ಟೆಯಲ್ಲೇ ಮಲಗಿದರೆ ಯಾವ ಗುಡಾರವೂ ಬೆಚ್ಚಗಾಗದು. ಒಣ ಬನಿಯನ್ನು, ತಲೆಗೆ ಟೊಪ್ಪಿಗೆ ಇಲ್ಲವೇ ಮಫ್ಲರ್ ಬೇಕು. ವಯಸ್ಸಾದವರು, ಕೂಸುಗಳು ಇದ್ದರೆ ಅವರನ್ನು ನಡುವೆ ಮಲಗಿಸಿ.

ತಾಡಪತ್ರಿಗೂ ವಯಸ್ಸಾಗುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಒಂದು ಮೂಲೆಯನ್ನು ಮಡಚಿ ಉಗುರಿನಿಂದ ಗೀರಿ. ಬಿಳಿಗೆರೆ ಬಿದ್ದು ಸಿಪ್ಪೆ ಏಳುತ್ತಿದ್ದರೆ ಅದರ ಕಾಲ ಮುಗಿಯುತ್ತಾ ಬಂತು. ಮಧ್ಯಾಹ್ನ ಒಳಗೆ ನಿಂತು ಮೇಲೆ ನೋಡಿ, ಸೂಜಿತೂತುಗಳು ಬೆಳಕಿನ ಚುಕ್ಕಿಯಾಗಿ ಕಾಣುತ್ತವೆ. ನಾಲ್ಕಾರು ಇದ್ದರೆ ತೇಪೆ ಹಾಕಿ. ಚುಕ್ಕಿ ಎಣಿಸಲಾಗದಷ್ಟಿದ್ದರೆ ಹೊಸದು ತನ್ನಿ. ಹಳೆಯದನ್ನು ಎಸೆಯಬೇಡಿ. ಹೊಸದರ ಮೇಲೆ ಒಂದು ಅಡಿ ಬಿಟ್ಟು ಎಳೆದು ಕಟ್ಟಿದರೆ ಬಿಸಿಲನ್ನು ಅದು ತಿನ್ನುತ್ತದೆ, ಹೊಸದು ಹೆಚ್ಚು ಕಾಲ ಬಾಳುತ್ತದೆ.